ರಷ್ಯಾದಲ್ಲಿ ಧರ್ಮಗಳ ಅಧ್ಯಯನ ಸೋವಿಯತ್ ನಾಸ್ತಿಕವಾದದ ಕೂಸೇ?

ಅಲ್ಲ. 1917ರ ನಂತರ ಬೋರ್ಡು ಬದಲಾಯಿತು, ಅಂಗಡಿ ಮೊದಲೇ ಇತ್ತು. ಆದರೆ ತ್ಸಾರರ ಕಾಲದಲ್ಲಿ ‘ಧರ್ಮಾಧ್ಯಯನ ವಿಭಾಗ’ ಅಂತ ಹುಡುಕಲು ಹೋದರೆ ಬರಿಗೈಯಲ್ಲಿ ವಾಪಸಾಗುತ್ತೀರಿ. ಕ್ರೈಸ್ತ ಮತದ ವಿಚಾರವೆಲ್ಲ ಚರ್ಚಿನ ಅಕಾಡೆಮಿಗಳ ಪಾಲಾಗಿತ್ತು, ಮೇಲೆ ಸೆನ್ಸಾರ್ ಬೇರೆ. ಹಾಗಾಗಿ ಪಂಡಿತರು ಕೈ ಪಳಗಿಸಿಕೊಂಡಿದ್ದು ಬೇರೆಯವರ ಧರ್ಮಗಳ ಮೇಲೆ. ಚರ್ಚಿನವರೂ ಇದಕ್ಕೆ ಅರಿಯದೆ ನೆರವಾದರು: ಕಜಾನ್‌ನ ಅಕಾಡೆಮಿಯಲ್ಲಿ 1854ರಲ್ಲಿ ಇಸ್ಲಾಂ, ಬೌದ್ಧಮತಗಳನ್ನು ಖಂಡಿಸುವುದಕ್ಕೆಂದೇ ವಿಭಾಗಗಳು ಶುರುವಾದವು. ಖಂಡಿಸಬೇಕಾದರೂ ಅವರ ಭಾಷೆ ಕಲಿಯಲೇಬೇಕಲ್ಲ!

ನಿಜವಾದ ಬೇರು ನನ್ನ ಪ್ರಕಾರ ಬೌದ್ಧ ಅಧ್ಯಯನದಲ್ಲಿದೆ. ವಾಸಿಲಿ ವಾಸಿಲ್ಯೆವ್ ರಷ್ಯನ್ ಮಿಷನ್ ಜೊತೆ ಪೀಕಿಂಗ್‌ನಲ್ಲಿ ಹತ್ತು ವರ್ಷ ಕಳೆದು, ಚೀನೀ ಮತ್ತು ಟಿಬೆಟನ್ ಮೂಲಗಳಿಂದ ಬೌದ್ಧಮತದ ಬಗ್ಗೆ 1857ರಲ್ಲಿ ಮೊದಲ ಸಂಪುಟ ತಂದರು. ಅವರ ಶಿಷ್ಯ ಇವಾನ್ ಮಿನಾಯೆವ್ ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯನ್ನು ಹಿಡಿದರು. 1869ರಲ್ಲಿ ಬೌದ್ಧ ಭಿಕ್ಷುಗಳ ನಿಯಮಾವಳಿಯಾದ ಪ್ರಾತಿಮೋಕ್ಷ ಸೂತ್ರವನ್ನು ಅನುವಾದ ಸಮೇತ ಪ್ರಕಟಿಸಿದರು, ಸಿಂಹಳ, ಭಾರತ, ಬರ್ಮಾ ಸುತ್ತಿದರು. ಪಾಳಿ ಗ್ರಂಥಗಳೇ ಎಲ್ಲಕ್ಕಿಂತ ಹಳೆಯವು ಎಂಬ ಆಗಿನ ಯುರೋಪಿನ ನಂಬಿಕೆಯನ್ನು 1887ರ ಪುಸ್ತಕದಲ್ಲಿ ಪ್ರಶ್ನಿಸಿದರು: ಶಾಸನ, ಸಂಸ್ಕೃತ ಪಠ್ಯ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ ಎಂಬುದು ಅವರ ಪಟ್ಟು. ಧರ್ಮಗ್ರಂಥವನ್ನು ದಾಖಲೆಯ ಹಾಗೆ ಓದುವ ಈ ಗುಣವೇ ಮುಖ್ಯ. ಅವರ ಶಿಷ್ಯ ಸೆರ್ಗೇ ಓಲ್ಡೆನ್‌ಬುರ್ಗ್ 1897ರಲ್ಲಿ ‘ಬಿಬ್ಲಿಯೋಥೆಕಾ ಬುದ್ಧಿಕಾ’ ಎಂಬ ಬೌದ್ಧ ಗ್ರಂಥಗಳ ಮಾಲೆ ಆರಂಭಿಸಿದರು. ಅದರ ಮೊದಲ ಪುಸ್ತಕ ಶಾಂತಿದೇವನ ‘ಶಿಕ್ಷಾಸಮುಚ್ಚಯ’ದ ಸಂಸ್ಕೃತ ಪಠ್ಯ, ಸಂಪಾದಿಸಿದವರು ಇಂಗ್ಲೆಂಡಿನವರಾದ ಬೆಂಡಾಲ್!

ಇನ್ನೊಂದು ದಾರಿ ಗಡಿಪಾರಿನದು. ಕ್ರಾಂತಿಕಾರಿಗಳೆಂದು ತ್ಸಾರ್ ಸರ್ಕಾರ ಬೊಗೊರಾಜ್ ಅವರನ್ನು ಸೈಬೀರಿಯಾದ ಈಶಾನ್ಯ ಮೂಲೆಯ ಕೊಲಿಮಾಗೂ ಸ್ಟೆರ್ನ್‌ಬೆರ್ಗ್ ಅವರನ್ನು ಪೂರ್ವ ತೀರದಾಚೆಯ ಸಖಾಲಿನ್ ದ್ವೀಪಕ್ಕೂ ಅಟ್ಟಿತು. ಅವರು ಅಲ್ಲಿನ ಚುಕ್ಚಿ, ನಿವ್ಖ್ ಜನರ ಭಾಷೆ ಕಲಿತು, ಶಾಮನರ (ಆತ್ಮಗಳೊಂದಿಗೆ ಮಾತಾಡುವರೆಂದು ನಂಬಲಾದ ಪೂಜಾರಿಗಳ) ಆಚರಣೆಗಳನ್ನು ಬರೆದಿಟ್ಟುಕೊಂಡರು.

ಸೋವಿಯತ್ ಕೊಂಡಿ ಸಿಗುವುದೂ ಇಲ್ಲೇ. 1932ರಲ್ಲಿ ಲೆನಿನ್‌ಗ್ರಾದ್‌ನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಕಜಾನ್ ಕ್ಯಾಥೆಡ್ರಲ್ ಒಳಗೆ ಧರ್ಮಗಳ ಇತಿಹಾಸದ ಮ್ಯೂಸಿಯಂ ತೆರೆದಾಗ, ಅದರ ನಿರ್ದೇಶಕರಾಗಿ ಕುಳಿತವರು ಇದೇ ಬೊಗೊರಾಜ್. ಧರ್ಮ ಸುಳ್ಳು ಅಂತ ತೋರಿಸುವುದು ಸರ್ಕಾರದ ಉದ್ದೇಶ. ತೋರಿಸಲು ಬೇಕಾದ ವಿಗ್ರಹ, ಡೋಲು, ವೇಷಗಳಲ್ಲಿ ಎಷ್ಟೋ ತ್ಸಾರರ ಕಾಲದ ಸಂಗ್ರಹಾಲಯಗಳ ಕಪಾಟಿನಿಂದಲೇ ಬಂದವು.