ತಂಬಿಗೆ ಹಿಡಿದವರ ಮೌನ: ಒಬ್ಬ ಹೊಸ ಬರಹಗಾರರಿಗೆ ಉತ್ತರ

ಪ್ರಿಯರೇ,

ಆಳಂದ ತಾಲ್ಲೂಕಿನಿಂದ ನೀವು ಕಳುಹಿಸಿದ ‘ನಂಬದವನ ಹಬ್ಬ’ ಎಂಬ ಪ್ರಬಂಧವನ್ನು ಎರಡು ಬಾರಿ ಓದಿದೆ. ದೇವರನ್ನು ನಂಬದವರು ಎಳ್ಳ ಅಮಾವಾಸ್ಯೆ, ಕ್ರಿಸ್‌ಮಸ್, ಸಂಕ್ರಾಂತಿಯಂತಹ ಚಳಿಗಾಲದ ಹಬ್ಬಗಳಲ್ಲಿ ಪಾಲ್ಗೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಹಬ್ಬ ಧರ್ಮದ್ದಲ್ಲ, ಸಂಸ್ಕೃತಿಯದು, ಆದ್ದರಿಂದ ಅಡ್ಡಿಯೇನೂ ಇಲ್ಲ ಎಂದು ಹತ್ತು ಪುಟಗಳಲ್ಲಿ ವಾದಿಸಿದ್ದೀರಿ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಏಳನೆಯ ಪುಟದಲ್ಲಿರುವ ನಾಲ್ಕು ವಾಕ್ಯಗಳು ನನ್ನನ್ನು ಬಿಡಲಿಲ್ಲ. ಈ ದೀರ್ಘ ಉತ್ತರ ಅವುಗಳಿಗಾಗಿ.

ಎಳ್ಳ ಅಮಾವಾಸ್ಯೆಯಂದು ಭೂಮಿತಾಯಿಗೆ ಹಿಡಿದ ಎಡೆಯನ್ನು ಹೊಲದ ತುಂಬ ಚೆಲ್ಲುವುದೇ ಚರಗ. ಚೆಲ್ಲುವವರು ಕೂಗುತ್ತ ನಡೆದರೆ, ನೀರು ಹಿಡಿದು ಹಿಂದೆ ಬರುವವರು ಮರುಕೂಗು ಕೊಡುತ್ತಾರೆ. ಆ ವಾಕ್ಯಗಳು ಹೀಗಿವೆ: ‘ಅಪ್ಪ ಚರಗ ಚೆಲ್ಲುತ್ತ ಮುಂದೆ ನಡೆದರು, ನಾನು ನೀರಿನ ತಂಬಿಗೆ ಹಿಡಿದು ಹಿಂದೆ ನಡೆದೆ. ಅಪ್ಪ ಕೂಗಿದರು. ನನ್ನ ಬಾಯಿ ತೆರೆಯಲಿಲ್ಲ. ಅವರು ಒಂದು ಗಳಿಗೆ ನಿಂತು, ನನ್ನ ಪಾಲಿನ ಕೂಗನ್ನೂ ತಾವೇ ಕೂಗಿ ಮುಂದೆ ಸಾಗಿದರು.’

ಇದರ ಬೆನ್ನಿಗೇ ‘ಹೀಗೆ ಪರಂಪರೆಗೂ ವೈಚಾರಿಕತೆಗೂ ಸಂಘರ್ಷ ನಡೆಯಿತು’ ಎಂದು ಬರೆದು, ನೀವೇ ಕಟ್ಟಿದ ಚಿತ್ರವನ್ನು ನೀವೇ ಒರೆಸಿಬಿಟ್ಟಿದ್ದೀರಿ. ಅಲ್ಲಿ ಸಂಘರ್ಷ ನಡೆಯಲಿಲ್ಲ. ಮಗ ಕೂಗಲಿಲ್ಲವೆಂದು ತಂದೆ ಗದರಲಿಲ್ಲ, ಕಾರಣ ಕೇಳಲಿಲ್ಲ. ಮಗನ ಪಾಲನ್ನು ತಾವು ಹೊತ್ತರು. ನಿಮ್ಮ ಪ್ರಬಂಧದ ಪ್ರಶ್ನೆ ಇರುವುದು ಇಲ್ಲಿ. ನೀವು ಹೊಲಕ್ಕೆ ಹೋದಿರಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಉಂಡಿರಿ, ಸುಣ್ಣ ಹಚ್ಚಿದ ಐದು ಕಲ್ಲುಗಳ ಮುಂದೆ ನಿಂತಿರಿ, ನೀರಿನ ತಂಬಿಗೆಯನ್ನೂ ಹೊತ್ತಿರಿ. ಕೈಗೆ ಅಡ್ಡಿಯಾಗದ್ದು ಬಾಯಿಗೆ ಏಕೆ ಅಡ್ಡಿಯಾಯಿತು? ನನ್ನ ಊಹೆ ಇಷ್ಟು: ನೀರು ಹಿಡಿಯುವುದು ತಂದೆಗೆ ಮಾಡುವ ಸಹಾಯ, ಕೂಗುವುದು ಮಾತ್ರ ಯಾರೋ ಕೇಳಿಸಿಕೊಳ್ಳುತ್ತಾರೆ ಎಂದು ಒಪ್ಪಿ ಆಡುವ ಮಾತು. ಊಹೆ ತಪ್ಪಿರಬಹುದು, ಅನುಭವ ನಿಮ್ಮದು. ಆದರೆ ನಂಬದವರ ಪಾಲ್ಗೊಳ್ಳುವಿಕೆಗೆ ಮೆಟ್ಟಿಲುಗಳಿವೆ ಎಂಬುದನ್ನೂ, ತಾವು ಯಾವ ಮೆಟ್ಟಿಲಿನ ಮೇಲೆ ನಿಂತೆವು ಎಂಬುದನ್ನೂ ಹೇಳದೆ, ‘ಪಾಲ್ಗೊಳ್ಳಬಹುದು’ ಎಂದು ತೀರ್ಪು ಕೊಟ್ಟರೆ ಓದುಗರಿಗೆ ಏನೂ ಸಿಗುವುದಿಲ್ಲ.

‘ಹಬ್ಬ ಸಂಸ್ಕೃತಿಯದು’ ಎಂಬ ಮಾತಿಗೇ ನನ್ನ ಮುಖ್ಯ ಆಕ್ಷೇಪ. ನಿಮ್ಮ ಮಟ್ಟಿಗೆ ಅದು ನಿಜವಿರಬಹುದು. ಹಿಂದಿನ ದಿನದಿಂದಲೇ ಒಲೆಯ ಮುಂದೆ ಕುಳಿತು, ಎಳ್ಳು ಹಚ್ಚಿ ರೊಟ್ಟಿ ಬಡಿದು, ಹಸಿಕಾಳು ಸುಲಿದು, ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಬಂದ ನಿಮ್ಮ ಅವ್ವನಿಗೆ ಅದು ನಿಜವೇ? ಫಲ ಹೊತ್ತು ನಿಂತ ಭೂಮಿತಾಯಿಗೆ ಅವರು ಎಡೆ ಹಿಡಿಯುತ್ತಾರೆ. ಆ ತಾಯಿ ಉಣ್ಣುತ್ತಾಳೆ ಎಂದೇ ಹಿಡಿಯುತ್ತಾರೆ. ನಿಮ್ಮ ಸಂಕೋಚವನ್ನು ಕಳೆದುಕೊಳ್ಳುವುದಕ್ಕಾಗಿ ಅವರ ನಂಬಿಕೆಗೆ ಬೇರೆ ಹೆಸರಿಟ್ಟಿದ್ದೀರಿ. ಅದಕ್ಕಿಂತ, ‘ಅವ್ವ ನಂಬುತ್ತಾರೆ, ನಾನು ನಂಬುವುದಿಲ್ಲ, ಆದರೂ ಒಂದೇ ಬುಟ್ಟಿಯ ಊಟ ಉಂಡೆವು’ ಎಂದು ಬರೆಯುವುದು ಕಷ್ಟದ ಕೆಲಸ, ಆದರೆ ಪ್ರಾಮಾಣಿಕವಾದದ್ದು. ಹತ್ತು ಪುಟಗಳಲ್ಲಿ ಅವ್ವ ಒಂದೇ ಒಂದು ಮಾತನ್ನೂ ಆಡಿಲ್ಲ ಎಂಬುದನ್ನು ಗಮನಿಸಿದ್ದೀರಾ?

ಏಳನೆಯ ಪುಟದಲ್ಲೇ ‘ಅಂದು ಎಲ್ಲ ಜಾತಿ, ಧರ್ಮದವರೂ ಒಟ್ಟಿಗೆ ಉಣ್ಣುತ್ತಾರೆ’ ಎಂಬ ವಾಕ್ಯವಿದೆ. ಹೊಲ ಇದ್ದವರು ಇಲ್ಲದವರನ್ನು ಊಟಕ್ಕೆ ಕರೆಯುವ ಪದ್ಧತಿ ನಮ್ಮ ಭಾಗದಲ್ಲಿದೆ, ಅದು ದೊಡ್ಡ ಗುಣ. ಆದರೆ ನಿಮ್ಮ ಹೊಲದಲ್ಲಿ ತೊಗರಿ ಕೊಯ್ದ ಕೂಲಿಯವರು ಅಂದು ಬಂದಿದ್ದರೇ, ಬಂದಿದ್ದರೆ ಎಲ್ಲಿ ಕುಳಿತರು, ಯಾರು ಬಡಿಸಿದರು? ಕಂಡದ್ದನ್ನು ಬರೆಯಿರಿ. ಕಾಣದಿದ್ದರೆ ಆ ವಾಕ್ಯವನ್ನು ತೆಗೆಯಿರಿ.

ಮೊದಲ ಮೂರು ಪುಟಗಳ ಅಮೆರಿಕದ ವಿವರಗಳು ಸರಿಯಾಗಿಯೇ ಇವೆ. ಅಲ್ಲಿನ ಮಾನವತಾವಾದಿಗಳು 2001ರಿಂದ ಡಿಸೆಂಬರ್ 23ರ ಸುಮಾರಿಗೆ ‘ಹ್ಯೂಮನ್‌ಲೈಟ್’ ಎಂಬ ದೇವರಿಲ್ಲದ ಹಬ್ಬವನ್ನು ಆಚರಿಸುತ್ತ ಬಂದಿರುವುದು ನಿಜ. ಆದರೆ ಇದರಿಂದ ನಿಮ್ಮ ಹೊಲದ ಪ್ರಶ್ನೆ ಬಗೆಹರಿಯುವುದಿಲ್ಲ, ಏಕೆಂದರೆ ಅವರು ಬೇರೆ ಹಬ್ಬ ಕಟ್ಟಿಕೊಂಡರು, ನೀವು ಅಪ್ಪನ ಹಬ್ಬದಲ್ಲೇ ಉಳಿದಿರಿ. ನೀವು ಬಿಟ್ಟ ಒಂದು ಸಂಗತಿ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು: 1659ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ವಿಧಿಸಿದವರು ಕಟ್ಟಾ ಕ್ರೈಸ್ತರಾದ ಪ್ಯೂರಿಟನ್ನರು, ಆ ಕಾನೂನು ರದ್ದಾದದ್ದು 1681ರಲ್ಲಿ. ಬೈಬಲ್ಲಿನಲ್ಲಿ ಯೇಸುವಿನ ಜನನದ ದಿನಾಂಕವೇ ಇಲ್ಲ ಎಂಬುದು ಅವರ ವಾದಗಳಲ್ಲೊಂದು. ಹಬ್ಬ ಬೇಡವೆಂದವರೆಲ್ಲ ನಾಸ್ತಿಕರಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ಸಂಕ್ರಾಂತಿಯಂದು ಸೂರ್ಯ ಉತ್ತರಕ್ಕೆ ತಿರುಗುವುದರಿಂದ ಅದು ವಿಜ್ಞಾನದ ಹಬ್ಬ ಎಂದಿದ್ದೀರಿ. ಸೂರ್ಯ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದು, ಮಕರ ಸಂಕ್ರಮಣ ಈಗ ಜನವರಿ 14 ಅಥವಾ 15ಕ್ಕೆ ಬರುತ್ತಿದೆ. ಇನ್ನೊಂದು ತಪ್ಪು ದೊಡ್ಡದು. ಕಲ್ಲನಾಗರಕ್ಕೆ ಹಾಲೆರೆಯುವವರನ್ನು ಬಸವಣ್ಣನವರು ಪ್ರಶ್ನಿಸಿದರು ಎಂಬ ಒಂದೇ ಕಾರಣಕ್ಕೆ ಅವರನ್ನು ನಾಸ್ತಿಕರ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಕೂಡಲಸಂಗಮದೇವನನ್ನು ಕರೆಯದೆ ಅವರ ವಚನ ಮುಗಿಯುವುದಿಲ್ಲ. ಆಚರಣೆಯನ್ನು ಅವರು ಟೀಕಿಸಿದ್ದು ನಂಬಿಕೆಯ ಒಳಗೆ ನಿಂತು. ಕಲ್ಯಾಣದ ನೆಲದವರಾದ ನಾವೇ ಈ ವ್ಯತ್ಯಾಸವನ್ನು ಮರೆಯಬಾರದು.

ಕ್ರಿಸ್‌ಮಸ್ ರಾತ್ರಿ ಸಹೋದ್ಯೋಗಿಯೊಂದಿಗೆ ಕಲಬುರಗಿಯ ಕ್ಯಾಥೊಲಿಕ್ ಚರ್ಚಿಗೆ ಹೋದದ್ದನ್ನು ಮೂರು ಸಾಲುಗಳಲ್ಲಿ ಮುಗಿಸಿ, ‘ಅಲ್ಲಿ ಯಾವ ಮುಜುಗರವೂ ಆಗಲಿಲ್ಲ’ ಎಂದಿದ್ದೀರಿ. ಏಕೆ ಆಗಲಿಲ್ಲ ಎಂದು ಕೇಳಿಕೊಂಡಿದ್ದರೆ ಪ್ರಬಂಧ ಬೆಳೆಯುತ್ತಿತ್ತು. ಪರಮಪ್ರಸಾದಕ್ಕೆ ಎಲ್ಲರೂ ಸಾಲು ಹಿಡಿದಾಗ ನೀವು ಬೆಂಚಿನಲ್ಲೇ ಕುಳಿತಿರಿ. ಹೊರಗಿನವರು ಅದನ್ನು ಸ್ವೀಕರಿಸಬೇಕೆಂದು ಆ ಚರ್ಚೂ ಬಯಸುವುದಿಲ್ಲ. ಅಲ್ಲಿ ನೀವು ಅತಿಥಿ, ನಿಮ್ಮ ಮೌನಕ್ಕೆ ಮೊದಲೇ ಜಾಗ ಮಾಡಿಟ್ಟಿರುತ್ತಾರೆ. ಹೊಲದಲ್ಲಿ ನೀವು ಮಗ. ಅಲ್ಲಿ ನಿಮ್ಮ ಮೌನ ಯಾರದೋ ಕೂಗನ್ನು ಅರ್ಧಕ್ಕೆ ನಿಲ್ಲಿಸುತ್ತದೆ.

ಮೊದಲ ಮೂರು ಪುಟಗಳನ್ನೂ ಕೊನೆಯ ಎರಡು ಪುಟಗಳ ಉಪದೇಶವನ್ನೂ ಬಿಟ್ಟು, ಹೊಲವನ್ನು ನಡುವೆ ಇಟ್ಟುಕೊಂಡು, ಚರ್ಚನ್ನು ಅದರ ಪಕ್ಕಕ್ಕೆ ತಂದು, ಸಾವಿರದ ಇನ್ನೂರು ಪದಗಳೊಳಗೆ ಮತ್ತೆ ಬರೆಯಿರಿ. ಚರಗದ ಕೂಗು ಊರಿನಿಂದ ಊರಿಗೆ ಬೇರೆಯಾಗುತ್ತದೆ. ನಿಮ್ಮ ಅಪ್ಪ ಕೂಗಿದ್ದನ್ನು ಅವರ ಬಾಯಿಂದಲೇ ಕೇಳಿ, ತಿದ್ದದೆ ಬರೆದುಕೊಳ್ಳಿ. ಹಸ್ತಪ್ರತಿಯನ್ನು ಹಿಂತಿರುಗಿಸುತ್ತಿದ್ದೇನೆ, ಏಳನೆಯ ಪುಟದ ನಾಲ್ಕು ವಾಕ್ಯಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. ಅದರ ಮರುವರ್ಷವೂ ನೀವು ಹೊಲಕ್ಕೆ ಹೋದಿರಾ, ಹೋಗಿದ್ದರೆ ತಂಬಿಗೆ ಯಾರ ಕೈಯಲ್ಲಿತ್ತು ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಈ ಸಲ ಅದನ್ನೂ ಬರೆದು ಕಳುಹಿಸಿ.

ನಿಮ್ಮವ,
ಸಂಪಾದಕ