ಸ್ಪೆಲ್ ಚೆಸ್‌ನಲ್ಲಿ ಓಪನಿಂಗ್ ಹೇಗೆ ಅಧ್ಯಯನ ಮಾಡಬೇಕು?

ಸಿಂಧನೂರಿನವರು ಅಂತ ಬರೆದಿದ್ದೀರಿ, ನಾನು ಇಲ್ಲೇ ರಾಯಚೂರಿನವನು. ಮಾಮೂಲಿ ಚೆಸ್‌ನ ಓಪನಿಂಗ್‌ಗಳು, ಅಂದರೆ ಆಟ ಶುರು ಮಾಡುವ ಮೊದಲ ನಡೆಗಳು, ಮಂತ್ರ ಹಾಕಿ ಆಡುವ ಈ ಸ್ಪೆಲ್ ಚೆಸ್‌ನಲ್ಲೂ ಕೆಲಸಕ್ಕೆ ಬರುತ್ತವಾ ಅನ್ನೋದು ನಿಮ್ಮ ಪ್ರಶ್ನೆ. ಕೆಲವು ಬರುತ್ತವೆ, ಕೆಲವು ನಾಲ್ಕನೇ ನಡೆಗೇ ಆಟ ಮುಗಿಸುತ್ತವೆ.

ಆಡದವರಿಗಾಗಿ, ನೀವು ಕೊಟ್ಟ ನಿಯಮಗಳು ಇವು. ಒಬ್ಬೊಬ್ಬರಿಗೆ 5 ಫ್ರೀಜ್, 2 ಜಂಪ್. ನಡೆ ಇಡುವ ಮುಂಚೆ ಒಂದು ಮಂತ್ರ ಹಾಕಬಹುದು. ಫ್ರೀಜ್ ಹಾಕಿದರೆ 3×3 ಮನೆಯೊಳಗಿನ ಕಾಯಿಗಳು ಎದುರಾಳಿಯ ಮುಂದಿನ ನಡೆಯಲ್ಲಿ ಅಲುಗಾಡುವಂತಿಲ್ಲ. ಜಂಪ್ ಹಾಕಿದ ಕಾಯಿಯನ್ನು ದಾಟಿ ಹೋಗಬಹುದು. ಬಳಸಿದ ಮಂತ್ರಕ್ಕೆ ಮತ್ತೆ ಮೂರು ನಡೆ ಕಾಯಬೇಕು. ಚೆಕ್‌ಮೇಟ್ ಇಲ್ಲ, ರಾಜನನ್ನೇ ಹೊಡೆಯಬೇಕು.

ಚೆಸ್ ನಡೆ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ ಆದ ಸಾಮಾನ್ಯ ಸ್ಟಾಕ್‌ಫಿಶ್‌ಗೆ ಈ ಮಂತ್ರಗಳು ಗೊತ್ತಿಲ್ಲ, ಅದನ್ನು ಕೇಳಬೇಡಿ. ಬೋರ್ಡ್ ಹಾಕಿ ಕೈಯಲ್ಲೇ ನೋಡಿ. ನಾನು ಫ್ರೀಜ್‌ಗೆ ಹುಣಸೆ ಬೀಜ, ಜಂಪ್‌ಗೆ ಕವಡೆ ಇಡುತ್ತೇನೆ. ಚೌಕಾಬಾರಾ ಆಡಿದ ಮನೆಯಲ್ಲಿ ಎರಡೂ ಸಿಗುತ್ತವೆ. ನಮ್ಮೂರ ಬೇಸಿಗೆ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗಲ್ಲ, ಇದಕ್ಕೆ ಒಳ್ಳೆ ಹೊತ್ತು.

ಪ್ರತಿ ನಡೆಗೂ ಒಂದೇ ಲೆಕ್ಕ ಹಾಕಿ: ರಾಜನಿಗೂ ಎದುರಾಳಿಯ ರಾಣಿ, ಆನೆ ಅಥವಾ ಒಂಟೆಗೂ ನಡುವೆ ಎಷ್ಟು ಕಾಯಿ ಇವೆ? ಎರಡಿದ್ದರೆ ಉಸಿರಾಡಬಹುದು. ಒಂದೇ ಇದ್ದು, ಅವನ ಜಂಪ್ ತಯಾರಿದ್ದರೆ ಅದು ಚೆಕ್ ಅಂತಲೇ ತಿಳಿಯಿರಿ.

ಹೊಸಬರು ಇಷ್ಟಪಡೋದು 1.ಇ4 ಇ5 2.ರಾಣಿ ಎಚ್5 (ಬಿಳಿಯ ನಡೆ ಮೊದಲು, ಕಪ್ಪಿನದು ಆಮೇಲೆ; ಬರೀ ಮನೆ ಹೆಸರಿದ್ದರೆ ಸಿಪಾಯಿ ನಡೆ). ಎಫ್7 ಸಿಪಾಯಿ ದಾಟಿ ರಾಜನನ್ನು ಹೊಡೆಯೋ ಆಸೆ. ಆದರೆ ಕಪ್ಪಿನವನು ಎಚ್7 ಸಿಪಾಯಿಗೆ ಜಂಪ್ ಹಾಕಿ, ಆನೆಯಿಂದ ಆ ರಾಣಿಯನ್ನೇ ತೆಗೀತಾನೆ! ಬಿಳಿಯವನು ಎಚ್2 ದಾಟಿ ತನ್ನ ಆನೆಯಿಂದ ಅದನ್ನು ಹೊಡೆಯಬಹುದು, ಆದರೂ ಆನೆಗೆ ರಾಣಿ ಕೊಟ್ಟ ವ್ಯಾಪಾರ. ಡಿ7 ದಾಟೋಕೆ ಅಂತ ರಾಣಿಯನ್ನು ಎ4ಗೆ ತಂದರೂ ಇದೇ ಕಥೆ, ಅಲ್ಲಿ ಎ8 ಆನೆ ಕಾಯ್ತಿರುತ್ತೆ.

ಮೊದಲ ನಡೆಗೇ ಇ2 ದಾಟಿ ಒಂಟೆಯನ್ನು ಬಿ5ಗೆ ತರೋದು ಸುಮ್ನೆ ಜಂಪ್ ದಂಡ. ಡಿ7 ದಾಟೋಕೆ ಬೇಕಾದ ಮಂತ್ರ ಮೂರು ನಡೆ ಸಿಗಲ್ಲ. ಅಷ್ಟರಲ್ಲಿ ಸಿ6 ಸಿಪಾಯಿ ಬಂದು ಒಂಟೆಯನ್ನು ಓಡಿಸುತ್ತೆ.

ನನ್ನ ಪ್ರಕಾರ ನಿಜವಾದ ಬಲ ಇರೋದು ರುಯ್ ಲೋಪೆಜ್ ಅನ್ನೋ ಓಪನಿಂಗ್‌ನಲ್ಲಿ: 1.ಇ4 ಇ5 2.ಕುದುರೆ ಎಫ್3 ಕುದುರೆ ಸಿ6 3.ಒಂಟೆ ಬಿ5. ಈಗ ಒಂಟೆಗೂ ರಾಜನಿಗೂ ನಡುವೆ ಸಿ6 ಕುದುರೆ, ಡಿ7 ಸಿಪಾಯಿ. ಎರಡರಲ್ಲಿ ಯಾವುದೂ ಜಾಗ ಬಿಡುವಂತಿಲ್ಲ. ಹಾಗಾಗಿ ಮಾಮೂಲಿ ಚೆಸ್‌ನಲ್ಲಿ ಮರ್ಯಾದಸ್ಥ ನಡೆಯಾದ 3...ಡಿ6 (ಕಪ್ಪಿನ ಮೂರನೇ ನಡೆ), ಅಂದರೆ ಸ್ಟೈನಿಟ್ಸ್ ಡಿಫೆನ್ಸ್, ಇಲ್ಲಿ ಸೀದಾ ಆತ್ಮಹತ್ಯೆ. ಬಿಳಿ ಕುದುರೆಗೆ ಜಂಪ್ ಹಾಕುತ್ತಾನೆ, ಡಿ7 ಖಾಲಿ, ರಾಜ ಹೋದ.

3...ಎ6 ಆಡಬಹುದು, ಆದರೆ ಮುಂದಿನದು ಗೊತ್ತಿರಬೇಕು. ಬಿಳಿ ಸಿ8ರ ಸುತ್ತ ಫ್ರೀಜ್ ಹಾಕಿ ಒಂಟೆಯಿಂದ ಸಿ6 ಕುದುರೆ ಹೊಡೆಯುತ್ತಾನೆ. ಬಿ7, ಡಿ7 ಸಿಪಾಯಿಗಳು ಹೆಪ್ಪುಗಟ್ಟಿವೆ, ತಿರುಗಿ ಹೊಡೆಯಲು ಆಗಲ್ಲ. ಮೇಲಿಂದ ಡಿ7 ದಾಟಿ ರಾಜನನ್ನು ಹೊಡೆಯುವ ಬೆದರಿಕೆ ಬೇರೆ. ಗಾಬರಿಯಾಗಿ ರಾಜನನ್ನು ಇ7ಗೆ ಓಡಿಸಿದರೆ ಕುದುರೆ ಹೋದಂತೆಯೇ. ಅದರ ಬದಲು ಬಿ5ರ ಸುತ್ತ ನಿಮ್ಮ ಫ್ರೀಜ್ ಹಾಕಿ ಒಂಟೆಯನ್ನು ಅಲ್ಲೇ ನಿಲ್ಲಿಸಿ. ಅದೇ ನಡೆಯಲ್ಲಿ ನಿಮ್ಮ ಒಂಟೆಯನ್ನು ಡಿ6ಗೆ ತಂದು ಇ5 ಕಾಯಿರಿ. ಬಿಳಿಯ ಫ್ರೀಜ್ ಈಗ ತಯಾರಿಲ್ಲ. ಮುಂದಿನ ನಡೆಗೆ ಸಿ6 ಒಂಟೆ ನಿಮ್ಮದೇ. ಕುದುರೆಗೆ ಒಂಟೆ, ಫ್ರೀಜ್‌ಗೆ ಫ್ರೀಜ್, ಲೆಕ್ಕ ಚುಕ್ತಾ.

ಇಷ್ಟೆಲ್ಲ ತಲೆನೋವು ಬೇಡ ಅಂದರೆ ಕಪ್ಪಿಗೆ 1...ಸಿ6 ಆಡಿ. ಒಂಟೆಗೆ ಬಿ5 ಸಿಗೋದೇ ಇಲ್ಲ.