ಪಿಸಿಯೋ ಪ್ಲೇಸ್ಟೇಷನ್ನೋ? ಮೊದಲು ಗೋಡೆಯ ಪ್ಲಗ್ಗು ನೋಡಿ

ಜೂನ್ ಒಂದಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳು ಬೈತಖೋಲ ಬಂದರಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಎರಡು ತಿಂಗಳು ಕಾರವಾರದ ನನ್ನ ರಿಪೇರಿ ಟೇಬಲ್ ಮೇಲೆ ಜಾಗವೇ ಇರುವುದಿಲ್ಲ. ಪಿಸಿಗಳು, ಪ್ಲೇಸ್ಟೇಷನ್ನಿನಂಥ ಕನ್ಸೋಲುಗಳು (ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ) ಕೆಟ್ಟು ಬರುವ ಕಾರಣ ಪ್ರತಿ ವರ್ಷವೂ ಅದೇ. ಕೊಳ್ಳುವ ಮೊದಲು ಕೇಳುವ ಪ್ರಶ್ನೆಯೂ ಅದೇ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ.

ಪ್ರಶ್ನೆ: ಮಗ ಬಿಸಿಎ ಸೇರಿದ್ದಾನೆ, ಗೇಮ್ ಆಡಲು ಪಿಸಿ ಬೇಕು ಅನ್ನುತ್ತಾನೆ. ನಮ್ಮ ಹತ್ತಿರ 80 ಸಾವಿರ ಇದೆ. ಅಂಗಡಿಯವರು ‘ಕನ್ಸೋಲ್ ಸೀಲ್ ಆಗಿರುತ್ತೆ, ಉಪ್ಪುಗಾಳಿ ಒಳಗೆ ಹೋಗಲ್ಲ, ಪ್ಲೇಸ್ಟೇಷನ್ 5 ತಗೊಳ್ಳಿ’ ಅಂದರು. ಮನೆ ಬೇಲೇಕೇರಿಯಲ್ಲಿ, ಕಡಲ ಪಕ್ಕ. ಯಾವುದು ಒಳ್ಳೆಯದು?

‘ಸೀಲ್ ಆಗಿರುತ್ತೆ’ ಅನ್ನುವುದು ಸುಳ್ಳು. ಆಟ ನಡೆಯುವಾಗ ಆ ಪೆಟ್ಟಿಗೆ 200 ವ್ಯಾಟ್ ಆಸುಪಾಸು ಎಳೆಯುತ್ತದೆ. ಅಷ್ಟು ಬಿಸಿ ಹೊರಗೆ ಹೋಗಬೇಕಾದರೆ ಫ್ಯಾನು ಗಾಳಿಯನ್ನು ಒಳಗೆ ಎಳೆಯಲೇಬೇಕು. ಗಾಳಿಯ ಜೊತೆ ಉಪ್ಪೂ ಬರುತ್ತದೆ.

ಉಪ್ಪು ಏನು ಮಾಡುತ್ತದೆ ಅಂತ ನಿಮ್ಮ ಅಡುಗೆಮನೆಯ ಭರಣಿಯಲ್ಲೇ ನೋಡಿದ್ದೀರಿ. ಗಾಳಿಯ ತೇವ ಶೇ 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿಕೊಂಡು ಕರಗುತ್ತದೆ. ನಮ್ಮ ಮಳೆಗಾಲದಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಬೋರ್ಡ್ ಮೇಲೆ ಕೂತ ಧೂಳು ಉಪ್ಪುನೀರಿನ ಪದರವಾಗುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಪಿಸಿಗೂ ಹಿಡಿಯುತ್ತದೆ, ಕನ್ಸೋಲಿಗೂ ಹಿಡಿಯುತ್ತದೆ.

ವ್ಯತ್ಯಾಸ ಇರುವುದು ಆಮೇಲೆ. ಪಿಸಿಯ ರ‍್ಯಾಮ್‌ಗೆ ಕಿಲುಬು ಬಂದರೆ ಕಿತ್ತು, ಬಂಗಾರದ ಬಣ್ಣದ ಆ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದರೆ ಸಾಕು, ಹತ್ತು ನಿಮಿಷದ ಕೆಲಸ. ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ) ಹೋದರೆ ಅದೊಂದನ್ನೇ ಬದಲಿಸಬಹುದು. ಪ್ಲೇಸ್ಟೇಷನ್ 5ರಲ್ಲಿ ಪ್ರೊಸೆಸರ್, ಮೆಮೊರಿ ಎಲ್ಲ ಒಂದೇ ಬೋರ್ಡಿಗೆ ಬೆಸುಗೆ ಹಾಕಿದ್ದು. ಮೇಲಾಗಿ ಪ್ರೊಸೆಸರ್ ಮೇಲೆ ಬಿಸಿ ಸಾಗಿಸುವ ಪೇಸ್ಟ್ ಬದಲು ದ್ರವ ಲೋಹ ಇರುತ್ತದೆ. ಅದು ಒಂದು ಹನಿ ಆಚೀಚೆ ಹರಿದರೂ ಬೋರ್ಡ್ ಶಾರ್ಟ್. ‘ಸರ್ವಿಸ್ ಮಾಡಿ ಕೊಡ್ತೇವೆ’ ಅಂತ ಅದನ್ನು ಬಿಚ್ಚಿ, ಒರೆಸಿ, ಮೊಬೈಲ್ ಅಂಗಡಿಯ ಬಿಳಿ ಪೇಸ್ಟ್ ಬಳಿದು ಕೊಡುವವರಿದ್ದಾರೆ. ದಯವಿಟ್ಟು ಅವರ ಕೈಗೆ ಕೊಡಬೇಡಿ. ಅಂಥ ಮೂರು ಕನ್ಸೋಲ್ ನನ್ನ ಹತ್ತಿರ ಬಂದಿವೆ, ಒಂದನ್ನೂ ಉಳಿಸಲು ಆಗಲಿಲ್ಲ.

ಇಷ್ಟಾದರೂ ಉಪ್ಪು ನಿಧಾನಕ್ಕೆ ಕೊಲ್ಲುವಂಥದ್ದು. ಒಂದೇ ಕ್ಷಣದಲ್ಲಿ ಕೊಲ್ಲುವುದು ಸಿಡಿಲು. ಹೋದ ಮೇ ತಿಂಗಳಲ್ಲಿ ಒಬ್ಬರು ಕನ್ಸೋಲ್ ತಂದರು. ‘ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತಿದ್ದೆ ಸರ್’ ಅಂದರು. ಸುಳ್ಳು ಹೇಳಿರಲಿಲ್ಲ. ಬಿಚ್ಚಿದರೆ ಎಚ್‌ಡಿಎಂಐ ಪಕ್ಕದ ಚಿಪ್ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಗುಳ್ಳೆ, ಬಾಕಿ ಬೋರ್ಡೆಲ್ಲ ಹೊಸದರ ಹಾಗೆ. ಕನ್ಸೋಲಿನ ಪ್ಲಗ್ ಕಿತ್ತಿದ್ದರು, ಟಿವಿಗೆ ಹೋಗುವ ಎಚ್‌ಡಿಎಂಐ ವೈರ್ ಹಾಗೇ ಇತ್ತು. ಟಿವಿಗೆ ಸೆಟ್‌ಟಾಪ್ ಬಾಕ್ಸ್, ಅದಕ್ಕೆ ಮಾಡಿನ ಮೇಲಿನ ಡಿಶ್. ಹೊಡೆತ ಆ ದಾರಿಯಲ್ಲಿ ಬಂದಿತ್ತು. ಹಾಗಾಗಿ ಎಲ್ಲ ವೈರ್ ಕೀಳಬೇಕು, ಇಂಟರ್‌ನೆಟ್ಟಿನ ಲ್ಯಾನ್ ವೈರ್ ಇದ್ದರೆ ಅದನ್ನೂ.

ಈಗ ಅರ್ಥಿಂಗ್. ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ಸಾಧನ) ಕೊಂಡವರು ತುಂಬ ಜನ, ಅರ್ಥಿಂಗ್ ನೋಡಿಸಿದವರು ಬೆರಳೆಣಿಕೆ. ಅರ್ಥ್ ಇಲ್ಲದ ಪಾಯಿಂಟಿನಲ್ಲಿ ಆ ಪ್ರೊಟೆಕ್ಟರಿನ ಅರ್ಧ ಕೆಲಸ ನಡೆಯುವುದೇ ಇಲ್ಲ. ಪಿಸಿಯ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆಯಾ? ಅರ್ಥ್ ಸಿಗದೆ ಸುಮಾರು 115 ವೋಲ್ಟ್ ಆ ತಗಡಿನ ಮೇಲೆ ನಿಂತಿದೆ ಅಂತ ಅರ್ಥ. ಅದು ಮಾಮೂಲಿ ಅಲ್ಲ. ಇಲೆಕ್ಟ್ರಿಷಿಯನ್ ಕರೆಸಿ ಫೇಸ್‌ನಿಂದ ನ್ಯೂಟ್ರಲ್‌ಗೆ ಎಷ್ಟು, ಫೇಸ್‌ನಿಂದ ಅರ್ಥ್‌ಗೆ ಎಷ್ಟು ಅಂತ ಮೀಟರ್ ಹಿಡಿಸಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು. ನಮ್ಮದು ಚಿರೇಕಲ್ಲಿನ ನೆಲ, ಬೇಸಿಗೆಯಲ್ಲಿ ಒಣಗಿ ಬಿಡುತ್ತದೆ. ಮೊದಲ ಗುಡುಗು ಬರುವುದೂ ಆಗಲೇ. ಅರ್ಥ್ ಗುಂಡಿಗೆ ಮಾರ್ಚ್‌ನಿಂದಲೇ ನೀರು ಹಾಕುತ್ತಿರಿ.

ನಿಮ್ಮ 80 ಸಾವಿರಕ್ಕೆ ಬರೋಣ. ಮಗ ಬಿಸಿಎ ಅಂದಿರಿ. ಹಾಗಾದರೆ ಪಿಸಿನೇ ತೆಗೆದುಕೊಳ್ಳಿ, ಎರಡು ಮಾತಿಲ್ಲ. ಕೋಡಿಂಗ್ ಕಲಿಯಲು ಹೇಗೂ ಒಂದು ಕಂಪ್ಯೂಟರ್ ಬೇಕಲ್ವಾ? ಕನ್ಸೋಲ್ ತಂದು ಮುಂದಿನ ವರ್ಷ ಲ್ಯಾಪ್‌ಟಾಪಿಗೆ ಮತ್ತೆ ದುಡ್ಡು ಹೊಂದಿಸುವುದು ಯಾಕೆ? ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡಲು ಕನ್ಸೋಲಿನಲ್ಲಿ ಬೇರೆ ಚಂದಾ ಕಟ್ಟಬೇಕು, ಪಿಸಿಯಲ್ಲಿ ಅದಿಲ್ಲ. ಆದರೆ 80 ಸಾವಿರವನ್ನೂ ಡಬ್ಬಕ್ಕೆ ಸುರಿಯಬೇಡಿ. ಮಾನಿಟರ್ ಅದರಲ್ಲೇ ಬರಬೇಕು. ಅರ್ಥಿಂಗ್‌ಗೂ ಯುಪಿಎಸ್‌ಗೂ ಹತ್ತು ಸಾವಿರ ಮೊದಲೇ ತೆಗೆದಿಡಿ. ಎಲ್ಲರೂ ತರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಅಷ್ಟೇ. ಕರೆಂಟ್ ಹೋದಾಗ ಗ್ರಾಫಿಕ್ಸ್ ಕಾರ್ಡ್ ಜೋರಾಗಿ ಓಡುತ್ತಿದ್ದರೆ ಒಂದು ಸಲ ಕೂಗಿ ಆಫ್ ಆಗುತ್ತದೆ. 1000 ವಿಎ ತನ್ನಿ. ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋಗಬೇಡಿ. ಬಣ್ಣದ ಲೈಟು, ಗಾಜಿನ ಬಾಗಿಲು ಬಿಡಿ. ತೊಳೆಯಲು ಬರುವ ಧೂಳಿನ ಜಾಲರಿ ಇರುವ ಕ್ಯಾಬಿನೆಟ್ ನೋಡಿ. ನೆಲದ ಮೇಲೆ ಮಾತ್ರ ಇಡಬೇಡಿ. ಆಷಾಢದಲ್ಲಿ ನೆಲ ಹೇಗೆ ಬೆವರುತ್ತದೆ ನಿಮಗೇ ಗೊತ್ತು.

ಮನೆಯಲ್ಲಿ ಆಗಲೇ ಕಂಪ್ಯೂಟರ್ ಇದೆ, ಒಳ್ಳೆ ಟಿವಿ ಇದೆ, ಅಣ್ಣ ತಮ್ಮ ಕೂತು ಫುಟ್‌ಬಾಲ್ ಆಡಬೇಕು ಅಷ್ಟೇ ಅನ್ನುವವರಾಗಿದ್ದರೆ ಕನ್ಸೋಲೇ ಸರಿ ಅನ್ನುತ್ತಿದ್ದೆ. ಮನೆಯ ಇನ್ವರ್ಟರ್ ಮೇಲೂ ನಡೆಯುತ್ತದೆ. ಡಿಸ್ಕ್ ಹಾಕುವಂಥದ್ದನ್ನೇ ಕೊಳ್ಳಿ, ಆಡಿ ಮುಗಿದ ಆಟವನ್ನು ಮಾರಬಹುದು.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ, ಮೊಬೈಲ್ ನೆಟ್ ಮಾತ್ರ. ದಿನಕ್ಕೆ 2 ಜಿಬಿ ಸಿಗುತ್ತದೆ. ಮಾಣಿಗೆ ಯಾವುದು ಕೊಡಿಸಲಿ?

100 ಜಿಬಿಯ ಒಂದು ಆಟ ಇಳಿಯಲು 50 ದಿನ ಬೇಕು, ಎರಡೂ ಬೇಡ. ಮೊದಲು ಫೈಬರ್ ಎಳೆಸಿ.

ಪ್ರಶ್ನೆ: ಸ್ಟೆಬಿಲೈಸರ್ ಹಾಕಿದರೆ ಸಿಡಿಲಿನಿಂದ ಉಳಿಯುತ್ತದೆಯೇ?

ಇಲ್ಲ. ಪ್ಲಗ್ ಜೊತೆ ಎಲ್ಲ ವೈರ್ ಕೀಳಿ.

ಪ್ರಶ್ನೆ: 500 ರೂಪಾಯಿಗೆ ಹಾರ್ಡ್‌ಡಿಸ್ಕಿನಲ್ಲಿ ಐವತ್ತು ಆಟ ತುಂಬಿಸಿ ಕೊಡುತ್ತಾರೆ. ಹಾಕಿಸಬಹುದಾ?

ಬೇಡವೇ ಬೇಡ. ಆಂಟಿವೈರಸ್ ಆಫ್ ಮಾಡಿ ಹಾಕಿ ಅಂತ ಅವರೇ ಹೇಳುತ್ತಾರೆ, ಅಲ್ಲೇ ಅರ್ಥವಾಗಬೇಕಿತ್ತು. ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೀರಿ. ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿಯಾಯಿತಿ ಬರುವವರೆಗೆ ಕಾಯಿರಿ, ಹಳೆಯ ಒಳ್ಳೆ ಆಟಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ.

ಪ್ರಶ್ನೆ: ಒದ್ದೆಯಾದ ಕಂಟ್ರೋಲರ್ ಅಕ್ಕಿ ಡಬ್ಬದಲ್ಲಿ ಇಡಲೇ?

ಅಕ್ಕಿ ಊಟಕ್ಕೆ ಇರಲಿ. ಬಿಚ್ಚಿಸಿ ಒರೆಸಿ, ಒಣಗಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಹಾಕಿ ಮುಚ್ಚಿಡುತ್ತೇವೆ. ಆದರೂ ಹೋದ ವರ್ಷ ಕೆಟ್ಟಿತು. ಯಾಕೆ?

ಮುಚ್ಚಿಟ್ಟಿದ್ದಕ್ಕೇ. ಒಳಗಿನ ತೇವ ಹೊರಗೆ ಹೋಗಲು ದಾರಿ ಇರಲಿಲ್ಲ. ಹಳೆಯ ಹತ್ತಿ ಪಂಚೆ ಸಾಕು, ಅದೂ ಯಂತ್ರ ಪೂರ್ತಿ ತಣ್ಣಗಾದ ಮೇಲೆ. ಆಡಲಿ ಬಿಡಲಿ, ಗುಡುಗು ಇಲ್ಲದ ಹೊತ್ತು ನೋಡಿ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಿ.